ಲಕ್ವಾ ಆದ ಮೇಲೆ ಯಾವ ಪುಡಿ, ಯಾರಿಗೆ, ಯಾವಾಗ?

(ಕಲಬುರಗಿಯಲ್ಲಿ, ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗಾಗಿ ನಡೆದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೇಳಿದವರ ಪ್ರಶ್ನೆಗಳನ್ನೂ ಜೊತೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು.

ಇಲ್ಲಿ ಕೂತ ಹೆಚ್ಚಿನವರ ಮನೆಯಲ್ಲಿ ಲಕ್ವಾ ಹೊಡೆದ ಒಬ್ಬರಿದ್ದಾರೆ. ಅಪ್ಪ, ಅವ್ವ, ಗಂಡ, ಅತ್ತೆ, ಯಾರೋ ಒಬ್ಬರು. ಅವರಿಗೆ ಉಣಿಸುವವರು, ಮೈ ಒರೆಸುವವರು, ನಡುರಾತ್ರಿ ಎದ್ದು ಮಗ್ಗಲು ಬದಲಿಸುವವರು ನೀವು. ಇವತ್ತಿನ ಮಾತು ನಿಮಗಾಗಿ.

ನಾನು ದವಾಖಾನೆಯಲ್ಲಿ ಡಯಟಿಷಿಯನ್. ಡಿಸ್ಚಾರ್ಜ್ ದಿನ ಮನೆಯವರು ಕೇಳುವ ಮಾತು ಹೆಚ್ಚುಕಡಿಮೆ ಒಂದೇ ಇರುತ್ತದೆ. "ಮೇಡಂ, ಜಲ್ದಿ ಕೈಕಾಲಿಗೆ ಶಕ್ತಿ ಬರ್ಬೇಕಂದ್ರ ಯಾವ ಪೌಡರ್ ಕೊಡ್ಬೇಕ್ರಿ?" ಎಷ್ಟೋ ಸಲ ಕೇಳುವವರ ಕೈಯಲ್ಲಿ ಆಗಲೇ ಒಂದು ಡಬ್ಬಿ ಇರುತ್ತದೆ. ನೆಂಟರು ತಂದುಕೊಟ್ಟದ್ದು, ಇಲ್ಲಾ ಮೆಡಿಕಲ್ ಅಂಗಡಿಯಲ್ಲಿ ಕೊಂಡದ್ದು. ಆ ಪ್ರಶ್ನೆಯಲ್ಲಿ ಪ್ರೀತಿ ಇದೆ, ಭಯವೂ ಇದೆ. ಬಾಗಿಲಲ್ಲಿ ನಿಂತು ಎರಡು ಮಾತಲ್ಲಿ ಮುಗಿಸುವ ಪ್ರಶ್ನೆ ಅದಲ್ಲ. ಅದಕ್ಕೇ ಇವತ್ತು ಬಂದೆ.

ನೇರವಾಗಿ ಹೇಳಿಬಿಡುತ್ತೇನೆ. ಪುಡಿ, ಗುಳಿಗೆ, ಟಾನಿಕ್ಕು ಎಲ್ಲವೂ ಕೊರತೆ ತುಂಬುವ ವಸ್ತುಗಳು. ಕೊರತೆ ಇದ್ದವರಿಗೆ ಉಪಯೋಗವಾಗುತ್ತವೆ, ಕೆಲವರಿಗೆ ಬಹಳವೇ ಉಪಯೋಗವಾಗುತ್ತವೆ. ಕೊರತೆ ಇಲ್ಲದವರಿಗೆ ಎಷ್ಟು ಕೊಟ್ಟರೂ ಲಕ್ವಾ ಬೇಗ ಗುಣವಾಗುವುದಿಲ್ಲ. ಹಾಗಾದರೆ ನಿಮ್ಮವರಿಗೆ ಯಾವುದು ಕಡಿಮೆ ಬಿದ್ದಿದೆ? ಮೊದಲು ಅದನ್ನು ಹುಡುಕಬೇಕು.

ಇದು ನನ್ನ ಅನಿಸಿಕೆ ಮಾತ್ರ ಅಲ್ಲ. 2005ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಅದರ ಹೆಸರು ಫುಡ್ ಟ್ರಯಲ್. ಲಕ್ವಾ ಹೊಡೆದು ದವಾಖಾನೆ ಸೇರಿದ, ನುಂಗಲು ಬರುತ್ತಿದ್ದ 4,023 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಊಟ. ಇನ್ನೊಂದಕ್ಕೆ ಅದೇ ಊಟದ ಜೊತೆ ಪೌಷ್ಟಿಕ ಪಾನೀಯ. ಆರು ತಿಂಗಳ ಮೇಲೆ ನೋಡಿದರೆ, ಬದುಕಿ ಉಳಿದವರಲ್ಲಾಗಲಿ ಓಡಾಡುವ ಶಕ್ತಿಯಲ್ಲಾಗಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಎಲ್ಲರಿಗೂ ಸುಮ್ನೆ ಕೊಟ್ಟರೆ ಲಾಭ ಇಲ್ಲ ಅಂತ ಆಯಿತು. ಆದರೆ ಒಂದು ವಿಷಯ ಗಮನಿಸಿ. ಆ ಅಧ್ಯಯನದಲ್ಲಿ ಸೊರಗಿ ಸಣಕಲಾಗಿದ್ದವರು ನೂರಕ್ಕೆ ಸುಮಾರು ಎಂಟು ಮಂದಿ ಮಾತ್ರ. 2008ರಲ್ಲಿ ಅಮೆರಿಕದ ಇನ್ನೊಂದು ತಂಡ, ಲಕ್ವಾ ಆದ ಮೇಲೆ ತೂಕ ಕಳೆದುಕೊಂಡವರನ್ನೇ ಆರಿಸಿ, ಕೆಲವರಿಗೆ ಹೆಚ್ಚು ಪ್ರೋಟೀನ್ ಮತ್ತು ಶಕ್ತಿ ಇರುವ ಪಾನೀಯ ಕೊಟ್ಟಿತು. 116 ಜನರ ಸಣ್ಣ ಅಧ್ಯಯನ ಅದು. ಅವರಲ್ಲಿ ಹೆಚ್ಚು ಪೌಷ್ಟಿಕ ಪಾನೀಯ ಕುಡಿದವರು ನಡಿಗೆಯಲ್ಲಿ, ಕೈಕಾಲಿನ ಕೆಲಸದಲ್ಲಿ ಚೆನ್ನಾಗಿ ಮುಂದೆ ಬಂದರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ತೂಕ ಇಳಿದವರಿಗೆ ಡಬ್ಬಿ ಬೇಕಾಗಬಹುದು, ಚೆನ್ನಾಗಿ ಉಣ್ಣುತ್ತಿರುವವರಿಗೆ ಬೇಕಿಲ್ಲ.

ಲಕ್ವಾದಲ್ಲಿ ಪೆಟ್ಟು ಬೀಳುವುದು ಮೆದುಳಿಗೆ. ರಕ್ತನಾಳ ಕಟ್ಟಿಕೊಳ್ಳುತ್ತದೆ, ಇಲ್ಲಾ ಒಡೆಯುತ್ತದೆ. ಸತ್ತ ಜೀವಕೋಶಗಳನ್ನು ಮತ್ತೆ ಬೆಳೆಸುವ ಪುಡಿ ಇವತ್ತಿನವರೆಗೂ ಬಂದಿಲ್ಲ. ಚೇತರಿಕೆ ಅಂದರೆ ಉಳಿದ ಮೆದುಳು ಆ ಕೆಲಸವನ್ನು ಹೊಸದಾಗಿ ಕಲಿಯುವುದು. ಅದಕ್ಕೆ ಅದೇ ಚಲನೆಯನ್ನು ದಿನವೂ ಮತ್ತೆ ಮತ್ತೆ ಮಾಡಿಸಬೇಕು. ಫಿಸಿಯೋಥೆರಪಿ ಮುಖ್ಯ ಅನ್ನುವುದು ಇದೇ ಕಾರಣಕ್ಕೆ. ಊಟದ ಕೆಲಸ ಬೇರೆ. ಆ ವ್ಯಾಯಾಮ ಮಾಡಲು ಮೈಯಲ್ಲಿ ಮಾಂಸಖಂಡ ಉಳಿದಿರಬೇಕಲ್ವಾ? 2007ರ ಒಂದು ಅಧ್ಯಯನದಲ್ಲಿ, ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ್ದರು. ಕಾಲುಗಳಲ್ಲೇ ಸುಮಾರು ಒಂದು ಕಿಲೋ ಸ್ನಾಯು ಕರಗಿತ್ತು. ಚೆನ್ನಾಗಿದ್ದವರ ಕಥೆಯೇ ಹೀಗಾದರೆ, ಒಂದು ಭಾಗ ಅಲುಗಾಡದೆ, ಅರೆಹೊಟ್ಟೆ ಉಂಡು ತಿಂಗಳುಗಟ್ಟಲೆ ಮಲಗಿದವರ ಗತಿ ಏನು?

ಇಲ್ಲಿ ನಮ್ಮ ಭಾಗದ ಪಥ್ಯದ ಬಗ್ಗೆ ಸ್ವಲ್ಪ ಹೊತ್ತು ಮಾತಾಡಲೇಬೇಕು.

ಲಕ್ವಾ ಹೊಡೆಯಿತು ಅಂದ ಕೂಡಲೇ ಮನೆಗೆ ಬಂದವರು ಒಂದೊಂದೇ ತೆಗೆಸುತ್ತಾ ಹೋಗುತ್ತಾರೆ. ತೊಗರಿ ಬೇಳೆ ಬೇಡ, ವಾಯು ಆಗುತ್ತದೆ. ಕಡಲೆ ಬೇಡ. ಮೊಸರು ಬೇಡ, ತಂಪು. ಬಾಳೆಹಣ್ಣು ಬೇಡ. ತತ್ತಿ ಬೇಡ, ಉಷ್ಣ. ಶೇಂಗಾ ಬೇಡ, ಪಿತ್ತ. ಕೊನೆಗೆ ತಟ್ಟೆಯಲ್ಲಿ ಉಳಿಯುವುದು ರವೆ ಗಂಜಿ, ಬ್ರೆಡ್ಡು, ಚಹಾದಲ್ಲಿ ಅದ್ದಿದ ಬಿಸ್ಕಿಟ್. ಹೇಳಿದವರು ಕೆಟ್ಟದ್ದು ಬಯಸಿ ಹೇಳಿದ್ದಲ್ಲ, ಹಿರಿಯರಿಂದ ಕೇಳಿದ್ದನ್ನೇ ಹೇಳಿರುತ್ತಾರೆ. ಆದರೆ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ತೆಗೆದುಹಾಕಿದ ಹೆಚ್ಚಿನವು ಪ್ರೋಟೀನ್ ಇರುವ ಪದಾರ್ಥಗಳೇ. ಅದೇ ಪ್ರೋಟೀನನ್ನು ಆಮೇಲೆ ಡಬ್ಬಿಯಲ್ಲಿ ದುಡ್ಡು ಕೊಟ್ಟು ತರುತ್ತೇವೆ.

ತೊಗರಿಯ ಕಣಜ ಅಂತ ಕರೆಸಿಕೊಳ್ಳುವ ಜಿಲ್ಲೆ ನಮ್ಮದು. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ), ಅಂದರೆ ಇದು ಈ ನೆಲದ್ದೇ ವಿಶೇಷ ಬೆಳೆ ಅನ್ನುವ ಮಾನ್ಯತೆ, ಸಿಕ್ಕಿದೆ. ಹೊರಗಿನವರು ಹುಡುಕಿಕೊಂಡು ಬಂದು ಒಯ್ಯುವ ಬೇಳೆಯನ್ನು ನಮ್ಮದೇ ಮನೆಯ ರೋಗಿಗೆ ಕೊಡದೆ ಇರುವುದನ್ನು ಕಂಡಾಗ ನನಗೆ ನಿಜವಾಗಲೂ ಸಂಕಟವಾಗುತ್ತದೆ. ತೊಗರಿ ತಿಂದರೆ ಲಕ್ವಾ ಹೆಚ್ಚುವುದಿಲ್ಲ. ಹೊಟ್ಟೆ ಉಬ್ಬರಿಸಿದರೆ ಬೇಳೆಯನ್ನು ನೆನೆಸಿ, ಮೆತ್ತಗೆ ಬೇಯಿಸಿ, ಇಂಗು ಜೀರಿಗೆ ಹಾಕಿ. ಆಗಲೂ ತ್ರಾಸಾದರೆ ಹೆಸರು ಬೇಳೆ ಕೊಡಿ.

ಸ್ವಲ್ಪ ಲೆಕ್ಕ ಮಾಡೋಣ. 60 ಕಿಲೋ ತೂಕದ ಹಿರಿಯರೊಬ್ಬರಿಗೆ, ಕಿಡ್ನಿ ಸರಿ ಇದ್ದರೆ, ದಿನಕ್ಕೆ 60ರಿಂದ 72 ಗ್ರಾಂ ಪ್ರೋಟೀನ್ ಬೇಕು. ಸೊರಗಿದವರಿಗೆ, ಬೆನ್ನಿಗೆ ಹುಣ್ಣಾದವರಿಗೆ ಇನ್ನೂ ಜಾಸ್ತಿ. ಗಂಜಿ ಬಿಸ್ಕಿಟ್ ಪಥ್ಯದಲ್ಲಿ ಇದರ ಕಾಲು ಭಾಗ ಸಿಕ್ಕರೆ ದೊಡ್ಡದು. ಈಗ ಮನೆಯ ಊಟ ನೋಡಿ. ಎರಡು ಜೋಳದ ರೊಟ್ಟಿಗೆ ಸುಮಾರು 10 ಗ್ರಾಂ. 50 ಗ್ರಾಂ ತೊಗರಿ ಬೇಳೆ ಬೇಯಿಸಿದರೆ 11 ಗ್ರಾಂ. ಎರಡು ತತ್ತಿಗೆ 12 ಗ್ರಾಂ. ಅರ್ಧ ಲೀಟರ್ ಹಾಲು, ಅದರಲ್ಲಿ ಒಂದು ಭಾಗ ಮೊಸರಾದರೂ ಸರಿ, 16 ಗ್ರಾಂ. ಎರಡು ಚಮಚ ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಐದು ಗ್ರಾಂ. ಇಷ್ಟಕ್ಕೇ 54 ಆಯಿತು. ತತ್ತಿ ತಿನ್ನದ ಮನೆಯಲ್ಲಿ 25 ಗ್ರಾಂ ಸೋಯಾ ಚಂಕ್ಸ್ ನೆನೆಸಿ ಅರೆದು ಪಲ್ಯಕ್ಕೆ ಸೇರಿಸಿ, 12 ಗ್ರಾಂ ಬಂತು. ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಇದ್ದರೆ ಇನ್ನೂ ಒಳ್ಳೆಯದು. ಆದರೆ ಹಿಂಡಿಗೆ ಉಪ್ಪು ಕಡಿಮೆ ಹಾಕಿ ಬೇರೆ ಕುಟ್ಟಿ ಇಟ್ಟುಕೊಳ್ಳಿ.

ಈ ಪ್ರೋಟೀನನ್ನು ಒಂದೇ ಹೊತ್ತಿಗೆ ತುಂಬಬೇಡಿ. ಮೂರೂ ಹೊತ್ತು ಹಂಚಿ. ನಮ್ಮಲ್ಲಿ ಬೆಳಗಿನ ನಾಷ್ಟಾ ಸುಸಲಾ, ಉಪ್ಪಿಟ್ಟು, ಅವಲಕ್ಕಿ. ಇವುಗಳಲ್ಲಿ ಪ್ರೋಟೀನ್ ಕಡಿಮೆ. ಅದರ ಜೊತೆ ಒಂದು ತತ್ತಿ, ಒಂದು ಲೋಟ ಹಾಲು ಇಟ್ಟರೆ ಸಾಕು. ಫಿಸಿಯೋ ಮಾಡಿಸಿದ ಮೇಲೆ ಸ್ವಲ್ಪ ಹಾಲು ಅಥವಾ ಮೊಸರು ಕೊಟ್ಟರೆ ಅದು ಸ್ನಾಯುವಿಗೆ ಹೋಗುತ್ತದೆ. ವ್ಯಾಯಾಮ ಇಲ್ಲದೆ ಬರೀ ಪ್ರೋಟೀನ್ ಕೊಟ್ಟರೆ ಸ್ನಾಯು ಬರುವುದಿಲ್ಲ.

ಹಾಗಾದರೆ ಡಬ್ಬಿ ಯಾರಿಗೆ? ಮೊದಲು ತೂಕ ನೋಡಿ. ಒಂದು ತಿಂಗಳಲ್ಲಿ ನೂರಕ್ಕೆ ಐದರಷ್ಟು, ಅಂದರೆ 60 ಕಿಲೋ ಇದ್ದವರು ಮೂರು ಕಿಲೋ ಇಳಿದರೆ ಅದು ಗಂಭೀರ. ಆರು ತಿಂಗಳಲ್ಲಿ ಆರು ಕಿಲೋ ಇಳಿದರೂ ಅಷ್ಟೇ. ನಿಲ್ಲಲು ಬಾರದವರಿಗೆ ಟೇಪಿನಿಂದ ಮೀನಖಂಡದ ಸುತ್ತಳತೆ ತೆಗೆಯಿರಿ. ಚೆನ್ನಾಗಿರುವ ಕಾಲನ್ನೇ ಅಳೆಯಿರಿ. ಹದಿನೈದು ದಿನಕ್ಕೊಮ್ಮೆ, ಅದೇ ಜಾಗದಲ್ಲಿ. ಅಳತೆ ಇಳಿಯುತ್ತಿದ್ದರೆ, ತಟ್ಟೆಯಲ್ಲಿ ಅರ್ಧ ಊಟ ಉಳಿಯುತ್ತಿದ್ದರೆ, ನುಂಗಲು ಕಷ್ಟವಾಗಿ ಸ್ವಲ್ಪವೇ ಒಳಗೆ ಹೋಗುತ್ತಿದ್ದರೆ, ಆಗ ಪುಡಿ ಬೇಕು. ಕೆಲವೇ ಚಮಚಗಳಲ್ಲಿ ಹೆಚ್ಚು ಪ್ರೋಟೀನ್ ಒಳಗೆ ಹೋಗಲಿ ಅಂತ ಕೊಡುವುದು ಅದು. ಊಟದ ಬದಲಿಗೆ ಕೊಡಬೇಡಿ. ಎರಡು ಊಟದ ನಡುವೆ ಕೊಡಿ, ಇಲ್ಲವಾದರೆ ಹೊಟ್ಟೆ ತುಂಬಿ ಊಟವೇ ಬಿಡುತ್ತಾರೆ.

ಡಬ್ಬಿ ಕೊಳ್ಳುವಾಗ ಮುಂದಿನ ಚಿತ್ರ ನೋಡಬೇಡಿ, ತಿರುಗಿಸಿ ಹಿಂದೆ ಓದಿ. 100 ಗ್ರಾಂನಲ್ಲಿ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು ಅಂತ ಬರೆದಿರುತ್ತಾರೆ. ಮಕ್ಕಳಿಗೆ ಹಾಲಿಗೆ ಹಾಕಿ ಕೊಡುವ ಮಾಲ್ಟ್ ಪುಡಿಗಳನ್ನೇ ಬಹಳ ಜನ ತರುತ್ತಾರೆ. ಅವುಗಳಲ್ಲಿ ಸಕ್ಕರೆ ಜಾಸ್ತಿ, ಪ್ರೋಟೀನ್ ಕಡಿಮೆ. ಲಕ್ವಾ ಹೊಡೆದ ಎಷ್ಟೋ ಜನರಿಗೆ ಶುಗರ್ ಇರುತ್ತದೆ. ಅವರಿಗೆ ಇಂಥ ಪುಡಿಯಿಂದ ತೊಂದರೆಯೇ. ಮಾಲ್ಟೋಡೆಕ್ಸ್‌ಟ್ರಿನ್ ಅಂತ ಬರೆದಿದ್ದರೆ ಅದೂ ಸಕ್ಕರೆಯ ಹಾಗೆ ಬೇಗ ಶುಗರ್ ಏರಿಸುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ ಡಾಕ್ಟರನ್ನು ಕೇಳದೆ ಯಾವ ಪ್ರೋಟೀನ್ ಪುಡಿಯೂ ಬೇಡ. ಇಂಥ ಪೂರಕಗಳ ಡಬ್ಬಿ ಮೇಲೆ "ಔಷಧಿಯಾಗಿ ಬಳಸಲು ಅಲ್ಲ" ಎಂಬ ಅರ್ಥದ ಸಾಲು ಇರಬೇಕೆಂದು ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ಸಣ್ಣ ಅಕ್ಷರದಲ್ಲಿ ಇರುತ್ತದೆ, ಹುಡುಕಿ ಓದಿ.

ಇನ್ನೊಂದು ಮಾತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯಲ್ಲಿ, ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡಬಾರದ ರೋಗಗಳ ಪಟ್ಟಿ ಇದೆ. ಪಾರ್ಶ್ವವಾಯು ಆ ಪಟ್ಟಿಯಲ್ಲಿದೆ. ಅಂದರೆ ಮೊಬೈಲಿನಲ್ಲಿ "40 ದಿನದಲ್ಲಿ ಲಕ್ವಾ ಮಾಯ" ಅಂತ ಬರುವ ವಿಡಿಯೋ ಸುಳ್ಳು ಆಸೆ ಹುಟ್ಟಿಸುವುದಷ್ಟೇ ಅಲ್ಲ, ಕಾನೂನಿನ ಪ್ರಕಾರ ಅಪರಾಧ ಕೂಡ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಪುಡಿ ಕಲಸುವುದಕ್ಕೆ ಮುಂಚೆ ನೋಡಬೇಕಾದದ್ದು, ಅವರಿಗೆ ನುಂಗಲು ಬರುತ್ತದೆಯೇ?

ಲಕ್ವಾ ಹೊಡೆದ ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ನುಂಗುವ ತೊಂದರೆ ಇರುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸರಿ ಹೋಗುತ್ತದೆ, ಕೆಲವರಿಗೆ ಉಳಿಯುತ್ತದೆ. ಅನ್ನನಾಳಕ್ಕೆ ಹೋಗಬೇಕಾದ ಹಾಲು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ. ಲಕ್ವಾದಿಂದ ಪಾರಾದವರು ಇದರಿಂದ ಹೋಗಿಬಿಡುತ್ತಾರೆ. ಇದನ್ನು ತಡೆಯುವುದು ಬಹಳಷ್ಟು ನಿಮ್ಮ ಕೈಯಲ್ಲಿದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಗುರುತು ಹೀಗಿರುತ್ತವೆ. ನೀರು ಕುಡಿದ ಕೂಡಲೇ ಕೆಮ್ಮು. ಉಂಡ ಮೇಲೆ ದನಿ ಗೊರಗೊರ ಅನ್ನುವುದು. ಜೊಲ್ಲು ಸುರಿಯುವುದು. ಲಕ್ವಾ ಹೊಡೆದ ಕಡೆಯ ಕೆನ್ನೆಯಲ್ಲಿ ತುತ್ತು ಹಾಗೇ ಉಳಿಯುವುದು. ಮತ್ತೆ ಮತ್ತೆ ಜ್ವರ ಬರುವುದು. ಕೆಲವರಲ್ಲಿ ಕೆಮ್ಮೇ ಬರದೆ ಒಳಗೆ ಇಳಿಯುತ್ತದೆ, ಅದು ಇನ್ನೂ ಅಪಾಯ. ಆದ್ದರಿಂದ ದವಾಖಾನೆಯಿಂದ ಹೊರಡುವ ಮುಂಚೆ ನುಂಗುವ ಪರೀಕ್ಷೆ ಮಾಡಿಸಿ ಅಂತ ಕೇಳಿ. ಸ್ಪೀಚ್ ಥೆರಪಿಸ್ಟ್ ಇದ್ದರೆ ಅವರೇ ಮಾಡುತ್ತಾರೆ. ಮಾತು ಕಲಿಸುವವರಿಗೂ ನುಂಗುವುದಕ್ಕೂ ಏನು ಸಂಬಂಧ ಅಂತ ಬಿಡಬೇಡಿ, ಅದು ಅವರದೇ ಕೆಲಸ.

ನುಂಗಲು ಎಲ್ಲಕ್ಕಿಂತ ಕಷ್ಟ ಬರೀ ನೀರು. ನಮಗೆ ತಿಳಿದದ್ದಕ್ಕೆ ಇದು ಉಲ್ಟಾ, ಆದರೆ ನಿಜ. ನೀರು ಸರಕ್ಕನೆ ಇಳಿಯುತ್ತದೆ, ದುರ್ಬಲ ಗಂಟಲಿಗೆ ಬಾಗಿಲು ಮುಚ್ಚಲು ಸಮಯ ಸಿಗುವುದಿಲ್ಲ. ತೆಳ್ಳಗೆ ಕಲಸಿದ ಪೌಡರ್ ಹಾಲೂ ಹಾಗೆಯೇ. ಖಡಕ್ ರೊಟ್ಟಿಯೂ ಬೇಡ, ಪುಡಿಯಾಗಿ ಗಂಟಲಲ್ಲಿ ಚದುರುತ್ತದೆ. ಅನ್ನಕ್ಕೆ ನೀರು ನೀರಾದ ಸಾರು ಹಾಕಿ ಕೊಟ್ಟರೆ ಅಗಳು ಒಂದು ಕಡೆ, ನೀರು ಒಂದು ಕಡೆ ಆಗುತ್ತದೆ. ಚೆನ್ನಾಗಿ ಕಲಸಿದ ಹೆಸರು ಬೇಳೆ ಕಿಚಡಿ, ಮೆತ್ತಗಿನ ಜೋಳದ ನುಚ್ಚು, ಗಟ್ಟಿ ಮೊಸರು, ಕಿವುಚಿದ ಬಾಳೆಹಣ್ಣು ಇವು ಸುಲಭ. ಎಳ್ಳ ಅಮಾವಾಸ್ಯೆಗೆ ಮಾಡುವ ಅಂಬಲಿ ನಮಗೆಲ್ಲ ಗೊತ್ತು. ಜೋಳದ ಹಿಟ್ಟಿನ ಅಂಬಲಿಯನ್ನು ಗಂಟಿಲ್ಲದ ಹಾಗೆ ಕಾಯಿಸಿ, ಚಮಚದಿಂದ ನಿಧಾನ ಜಾರುವಷ್ಟು ಮಂದ ಮಾಡಬಹುದು. ಎಷ್ಟು ಮಂದ ಬೇಕು ಅನ್ನುವುದನ್ನು ಮಾತ್ರ ಥೆರಪಿಸ್ಟರಿಂದ ತಿಳಿದುಕೊಳ್ಳಿ.

ಮಲಗಿಸಿ ಉಣಿಸಲೇಬೇಡಿ. ನೇರ ಕೂರಿಸಿ, ಬೆನ್ನಿಗೆ ದಿಂಬು ಕೊಡಿ. ತಲೆ ಹಿಂದಕ್ಕೆ ವಾಲದಿರಲಿ. ಸಣ್ಣ ಚಮಚ, ಸಣ್ಣ ತುತ್ತು, ಚೆನ್ನಾಗಿರುವ ಕಡೆಯ ಕೆನ್ನೆಗೆ. ಒಂದು ನುಂಗಿದ ಮೇಲೆಯೇ ಇನ್ನೊಂದು. ಟೀವಿ ಬಂದ್ ಮಾಡಿ. ಊಟದ ನಂತರ ಅರ್ಧ ಗಂಟೆಯಾದರೂ ಕೂತೇ ಇರಲಿ. ಬಾಯಿ ತೊಳೆಸಿ, ದಿನಕ್ಕೆ ಎರಡು ಸಲ ಹಲ್ಲು ಉಜ್ಜಿಸಿ. ಬಾಯಿ ಸ್ವಚ್ಛವಿದ್ದರೆ ನ್ಯುಮೋನಿಯಾ ಅಪಾಯ ಕಡಿಮೆಯಾಗುತ್ತದೆ.

ನುಂಗಲು ಬಂದರೂ ಕೆಲವರು ಉಣ್ಣುವುದಿಲ್ಲ. ಏಕೆ ಅಂತ ನೋಡಿದರೆ ಕಾರಣ ಹೊಟ್ಟೆಯಲ್ಲಿ ಇರುವುದಿಲ್ಲ. ಬಲಗೈಗೆ ಲಕ್ವಾ ಹೊಡೆದ ಹಿರಿಯರನ್ನು ನೆನೆಸಿಕೊಳ್ಳಿ. ಜೀವಮಾನವಿಡೀ ಎಡಗೈಯಿಂದ ಅನ್ನ ಮುಟ್ಟಿದವರಲ್ಲ. ಈಗ ಎಡಗೈಯಿಂದ ಉಣ್ಣು ಅಂದರೆ ನಾಚಿಕೆ. ಸೊಸೆ ಬಾಯಿಗಿಡುತ್ತಾಳೆ ಅಂದರೆ ಇನ್ನೂ ಸಂಕೋಚ. ನಾಲ್ಕು ತುತ್ತಿಗೆ "ಸಾಕವ್ವ" ಅನ್ನುತ್ತಾರೆ. ಹಸಿವಿಲ್ಲ ಅಂತ ನಾವು ಟಾನಿಕ್ ತರುತ್ತೇವೆ. ಬೇಕಾದದ್ದು ದಪ್ಪ ಹಿಡಿಕೆಯ ಚಮಚ, ಜಾರದ ತಟ್ಟೆ, ಎಡಗೈಯಲ್ಲಿ ಉಂಡರೆ ಏನೂ ತಪ್ಪಿಲ್ಲ ಅಂತ ಮನೆಯ ದೊಡ್ಡವರೊಬ್ಬರ ಮಾತು. ಜೊತೆಗೆ ಕೂತು ಮಗನೂ ಎಡಗೈಯಲ್ಲಿ ಚಮಚ ಹಿಡಿದು ಉಂಡರೆ ಇನ್ನೂ ಒಳ್ಳೆಯದು.

ಇನ್ನು ಕೆಲವರು ತಟ್ಟೆಯ ಬಲಭಾಗ ಮಾತ್ರ ಖಾಲಿ ಮಾಡಿ ಎದ್ದುಬಿಡುತ್ತಾರೆ. ಎಡಗಡೆಯ ಪಲ್ಯ ಹಾಗೇ ಉಳಿದಿರುತ್ತದೆ. ಅದು ಹಠ ಅಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟಾದರೆ ಎಡಗಡೆ ಇರುವುದು ಗಮನಕ್ಕೇ ಬರುವುದಿಲ್ಲ. ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಇಡಿ, ಉಳಿದದ್ದೂ ಉಣ್ಣುತ್ತಾರೆ. ಲಕ್ವಾ ಹೊಡೆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಅದಕ್ಕೆ ಚಿಕಿತ್ಸೆ ಇದೆ. ಊಟ ಬಿಟ್ಟು ಗೋಡೆ ನೋಡುತ್ತಾ ಕೂತವರನ್ನು ಡಾಕ್ಟರಿಗೆ ತೋರಿಸಿ, ಅದು ಚಮಚದಿಂದ ಸರಿಯಾಗುವ ತೊಂದರೆ ಅಲ್ಲ.

ವಿಟಮಿನ್ನುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬಿ12 ಪರೀಕ್ಷೆ ಮಾಡಿಸಿ. ಮಾಂಸಾಹಾರ ಇಲ್ಲದ ಮನೆಗಳಲ್ಲಿ, ಶುಗರಿಗೆ ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡವರಲ್ಲಿ, ದಿನಾ ಎದೆಯುರಿ ಗುಳಿಗೆ ನುಂಗುವವರಲ್ಲಿ ಇದು ಕಡಿಮೆಯಾಗುವ ಸಂಭವ ಜಾಸ್ತಿ. ಬಿ12 ಕಡಿಮೆಯಾದರೆ ಕಾಲು ಜೋಮು ಹಿಡಿಯುತ್ತದೆ, ತೋಲ ತಪ್ಪುತ್ತದೆ. ಅದನ್ನೂ ಲಕ್ವಾದ ಲೆಕ್ಕಕ್ಕೇ ಬರೆದುಬಿಡುತ್ತೇವೆ. ಕಡಿಮೆ ಇದ್ದರೆ ಇಂಜೆಕ್ಷನ್ನೋ ಗುಳಿಗೆಯೋ ಬೇಕೇ ಬೇಕು. ಆದರೆ ಕಡಿಮೆ ಇಲ್ಲದವರಿಗೂ ಬಿ ವಿಟಮಿನ್ ಕೊಟ್ಟರೆ ಮುಂದಿನ ಲಕ್ವಾ ತಪ್ಪುತ್ತದೆಯೇ ಅಂತ 8,164 ಜನರಲ್ಲಿ ನೋಡಿದರು. 2010ರಲ್ಲಿ ಫಲಿತಾಂಶ ಬಂತು, ಸ್ಪಷ್ಟವಾದ ಲಾಭ ಕಾಣಲಿಲ್ಲ.

ಡಿ ವಿಟಮಿನ್ ಮನೆಯೊಳಗೇ ಮಲಗಿದವರಲ್ಲಿ ಇಳಿಯುತ್ತದೆ. ಲಕ್ವಾ ಹೊಡೆದ ಕಡೆಯ ಮೂಳೆ ಸವೆಯುತ್ತದೆ, ಬಿದ್ದರೆ ಆ ಕಡೆಗೇ ಬೀಳುತ್ತಾರೆ, ಚಪ್ಪೆ (ಸೊಂಟದ ಕೀಲಿನ ಮೂಳೆ) ಮುರಿಯುತ್ತದೆ. ಹಾಗಾಗಿ ಕೊರತೆ ಇದ್ದರೆ ತುಂಬಬೇಕು. ಆದರೆ 60,000 ಯುನಿಟ್‌ನ ಸ್ಯಾಶೆ ವಾರಕ್ಕೊಂದು ಅಂತ ಬರೆದುಕೊಟ್ಟದ್ದನ್ನು ದಿನಾ ಕೊಡುವವರಿದ್ದಾರೆ, ವರ್ಷಗಟ್ಟಲೆ ಮುಂದುವರಿಸುವವರಿದ್ದಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಕಿಡ್ನಿ ತೊಂದರೆ ಆಗುತ್ತದೆ. ಎಷ್ಟು ವಾರ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ.

ವಿಟಮಿನ್ ಇ ದೊಡ್ಡ ಪ್ರಮಾಣದಲ್ಲಿ ಬೇಡ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2010ರ ವಿಶ್ಲೇಷಣೆಯಲ್ಲಿ, ರಕ್ತನಾಳ ಒಡೆದು ಆಗುವ ಲಕ್ವಾ ಇದರಿಂದ ನೂರಕ್ಕೆ 22ರಷ್ಟು ಹೆಚ್ಚಿತ್ತು. ಮೀನೆಣ್ಣೆ, ಗಿಂಕೋ ಎಂಬ ಗಿಡದ ಎಲೆ, ಬೆಳ್ಳುಳ್ಳಿ ಇವುಗಳ ಸಾರದ ಕ್ಯಾಪ್ಸೂಲ್‌ಗಳನ್ನು ರಕ್ತ ತೆಳುಮಾಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಗುಳಿಗೆಗಳ ಜೊತೆ ನಿಮ್ಮಷ್ಟಕ್ಕೇ ಸೇರಿಸಬೇಡಿ, ರಕ್ತಸ್ರಾವದ ಅಪಾಯ ಇದೆ. ಅಡುಗೆಗೆ ಹಾಕುವ ಬೆಳ್ಳುಳ್ಳಿಗೆ ಚಿಂತೆ ಬೇಡ. ರಕ್ತ ತೆಳುಮಾಡಲು ಕೊಡುವ ವಾರ್ಫರಿನ್ ಅಥವಾ ಅಸಿಟ್ರೋಮ್ ತೆಗೆದುಕೊಳ್ಳುವವರು ಸೊಪ್ಪನ್ನು ಪೂರ್ತಿ ಬಿಡಬೇಕಿಲ್ಲ. ಪುಂಡಿ ಪಲ್ಯ, ಮೆಂತ್ಯ, ಪಾಲಕ್ ಪ್ರತಿ ವಾರ ಹೆಚ್ಚುಕಡಿಮೆ ಅಷ್ಟೇ ಇರಲಿ. ಒಂದು ವಾರ ದಿನಾ, ಇನ್ನೊಂದು ವಾರ ಇಲ್ಲವೇ ಇಲ್ಲ ಅಂತಾದರೆ ಗುಳಿಗೆಯ ಪರಿಣಾಮ ಏರುಪೇರಾಗುತ್ತದೆ. ಸೊಪ್ಪಿನ ಹಾಗೆ ಹಲವು ಪೌಷ್ಟಿಕ ಪುಡಿಗಳಲ್ಲೂ ಈ ಗುಳಿಗೆಯ ಕೆಲಸ ತಗ್ಗಿಸುವ ವಿಟಮಿನ್ ಕೆ ಇರುತ್ತದೆ, ಹೊಸ ಡಬ್ಬಿ ಶುರು ಮಾಡುವಾಗ ಡಾಕ್ಟರಿಗೆ ತಿಳಿಸಿ.

ಮೆದುಳಿಗೆ ಶಕ್ತಿ ಅಂತ ಕೊಡುವ ಸಿಟಿಕೋಲಿನ್ ಎಂಬ ಔಷಧಿಯ ಬಗ್ಗೆ ಕೇಳುತ್ತೀರಿ. 2,298 ಜನರ ಅಧ್ಯಯನ 2012ರಲ್ಲಿ ಬಂತು, ಕೊಟ್ಟವರಿಗೂ ಕೊಡದವರಿಗೂ ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಡಾಕ್ಟರು ಬರೆದಿದ್ದರೆ ಅವರ ಜೊತೆ ಮಾತಾಡಿ ತೀರ್ಮಾನಿಸಿ. ದುಡ್ಡು ಸಾಲದಿದ್ದಾಗ ಬಿಪಿ ಗುಳಿಗೆ ಬಿಟ್ಟು ಇದನ್ನು ಕೊಳ್ಳುವುದು ಮಾತ್ರ ಬೇಡವೇ ಬೇಡ.

ಇನ್ನು ನೀವು ಕೇಳಿದ ಪ್ರಶ್ನೆಗಳು.

ಹಿಂದಿನ ಸಾಲಿನಲ್ಲಿ ಕೂತ ಅಣ್ಣ ಒಬ್ಬರು ಕೇಳಿದರು: "ಮೇಡಂ, ತಿಂಗಳಿಗೊಮ್ಮೆ ಸಲೈನ್ ಹಚ್ಚಿಸಿದ್ರ ಅಪ್ಪಗ ತಾಕತ್ತು ಬರ್ತದಲ್ರಿ?"

ಅಣ್ಣಾ, ಅರ್ಧ ಲೀಟರಿನ ಐದು ಪರ್ಸೆಂಟ್ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್. ಅರ್ಧ ಜೋಳದ ರೊಟ್ಟಿಯಷ್ಟು ಶಕ್ತಿ ಅದು. ಪ್ರೋಟೀನ್ ಇಲ್ಲವೇ ಇಲ್ಲ. ಬರೀ ಸಲೈನ್ ಆದರೆ ಉಪ್ಪು ನೀರು ಮಾತ್ರ, ಬಿಪಿ ಮತ್ತು ಹೃದಯದ ತೊಂದರೆ ಇದ್ದವರಿಗೆ ಅದು ಹೊರೆ. ವಾಂತಿ ಭೇದಿಯಾಗಿ ನೀರು ಕಳೆದುಕೊಂಡಾಗ ಅದು ಜೀವ ಉಳಿಸುತ್ತದೆ. ತಾಕತ್ತಿಗೆ ಅಂತ ಬೇಡ. ಆ ರೊಕ್ಕಕ್ಕೆ ತತ್ತಿ, ಹಾಲು ತನ್ನಿ.

ಒಬ್ಬ ಅಕ್ಕ ಪಾರಿವಾಳದ ಬಗ್ಗೆ ಕೇಳಿದರು. ಅದರ ಮಾಂಸ ತಿನ್ನಿಸಿ, ರಕ್ತ ತಿಕ್ಕಿ ಅಂತ ಹಳ್ಳಿಯಲ್ಲಿ ಹೇಳುತ್ತಾರೆ. ರಕ್ತ ತಿಕ್ಕಿದರೆ ನರಕ್ಕೆ ಏನೂ ಆಗುವುದಿಲ್ಲ. ಮಾಂಸದಲ್ಲಿ ಪ್ರೋಟೀನ್ ಇದೆ ನಿಜ, ಅದು ಕೋಳಿಯಲ್ಲೂ ಇದೆ. ನನಗೆ ಹೆದರಿಕೆ ಬೇರೆ ಕಡೆ. ಕೆಲವು ನಾಟಿ ಔಷಧಿ ಕೊಡುವವರು "ಇಂಗ್ಲಿಷ್ ಗುಳಿಗೆ ಎಲ್ಲಾ ಬಂದ್ ಮಾಡ್ರಿ" ಅನ್ನುತ್ತಾರೆ. ಬಿಪಿ ಗುಳಿಗೆ, ರಕ್ತ ತೆಳುಮಾಡುವ ಗುಳಿಗೆ ನಿಲ್ಲಿಸಿದರೆ ಎರಡನೇ ಲಕ್ವಾ ಬರಬಹುದು. ಏನೇ ಮಾಡಿ, ಆ ಗುಳಿಗೆ ಒಂದು ದಿನವೂ ತಪ್ಪಿಸಬೇಡಿ. ಒಳಗೆ ಏನಿದೆ ಅಂತ ಬರೆಯದ ಪುಡಿಯನ್ನೂ ಕೊಡಬೇಡಿ.

ಉಪ್ಪಿನ ಪ್ರಶ್ನೆ ಬಂತು. ದಿನಕ್ಕೆ ಐದು ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚದೊಳಗೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲವನ್ನೂ ಅದರಲ್ಲೇ ಎಣಿಸಬೇಕು. ಸೋಡಿಯಂ ಕಡಿಮೆ ಇರುವ ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನು ಚೀನಾದ 600 ಹಳ್ಳಿಗಳಲ್ಲಿ ಪರೀಕ್ಷಿಸಿದರು. ಆಗಲೇ ಲಕ್ವಾ ಆದವರು ಅಥವಾ ಬಿಪಿ ಇದ್ದ ಹಿರಿಯರು, ಸುಮಾರು 21,000 ಜನ. ಆ ಉಪ್ಪು ತಿಂದವರಲ್ಲಿ ಲಕ್ವಾ ನೂರಕ್ಕೆ 14ರಷ್ಟು ಕಡಿಮೆ ಆಯಿತು ಅಂತ 2021ರಲ್ಲಿ ಪ್ರಕಟವಾಗಿದೆ. ಕಿಡ್ನಿ ತೊಂದರೆ ಇದ್ದವರಿಗೆ, ಪೊಟ್ಯಾಸಿಯಂ ಏರಿಸುವ ಬಿಪಿ ಗುಳಿಗೆ ತೆಗೆದುಕೊಳ್ಳುವವರಿಗೆ ಮಾತ್ರ ಕೇಳದೆ ಕೊಡಬೇಡಿ. ನನ್ನನ್ನು ಕೇಳಿದರೆ, ಬಿಪಿ ಇರುವ ಮನೆಗೆ ದುಬಾರಿ ಡಬ್ಬಿಗಿಂತ ಈ ಬದಲಾವಣೆ ದೊಡ್ಡದು.

ಮೂಗಿನ ನಳಿಕೆ ಹಾಕಿದವರ ಮನೆಯವರು ಇಬ್ಬರು ಇದ್ದೀರಿ. ಮನೆಯಲ್ಲೇ ಅರೆದ ಊಟ ಹಾಕಬಹುದು, ಆದರೆ ನುಣ್ಣಗೆ ಅರೆದು ಸೋಸಿರಬೇಕು. ತಲೆಯ ಕಡೆ ಎತ್ತರಿಸಿ, ನಿಧಾನ ಬಿಡಿ. ಮುಂಚೆಯೂ ಆಮೇಲೂ ನೀರು ಹಾಕಿ ನಳಿಕೆ ತೊಳೆಯಿರಿ. ನಮ್ಮ ಏಪ್ರಿಲ್ ಮೇ ಬಿಸಿಲಿನಲ್ಲಿ, 42-43 ಡಿಗ್ರಿಯಲ್ಲಿ, ಬೆಳಿಗ್ಗೆ ಅರೆದದ್ದು ಮಧ್ಯಾಹ್ನಕ್ಕೆ ಕೆಟ್ಟಿರುತ್ತದೆ, ಆಯಾ ಹೊತ್ತಿಗೆ ಮಾಡಿ. ಬರೀ ಗಂಜಿ ನೀರು, ಬೇಳೆಯ ತಿಳಿ ಸಾಲದು, ಅದರಲ್ಲಿ ಪ್ರೋಟೀನ್ ಬಹಳ ಕಡಿಮೆ. ನಳಿಕೆ ಇರುವವರಿಗೆ ಅಳತೆ ಗೊತ್ತಿರುವ ಪುಡಿ ನಿಜವಾಗಲೂ ಸಹಾಯಕ್ಕೆ ಬರುತ್ತದೆ. ಗುಳಿಗೆಗಳನ್ನು ಪುಡಿ ಮಾಡಿ ಹಾಕುವ ಮುಂಚೆ ಕೇಳಿ, ಕೆಲವನ್ನು ಪುಡಿ ಮಾಡಬಾರದು.

ಮಂದ ಮಾಡಿದ ನೀರನ್ನು ಯಾರೂ ಇಷ್ಟಪಟ್ಟು ಕುಡಿಯುವುದಿಲ್ಲ, ಅದಕ್ಕೇ ಬೇಸಿಗೆಯಲ್ಲಿ ಇವರಿಗೆ ನೀರು ಸಾಲುವುದೇ ಇಲ್ಲ. ಮಂದ ಮಜ್ಜಿಗೆ, ಅಂಬಲಿ, ಮೊಸರು ಹೀಗೆ ಬದಲಿಸಿ ಬದಲಿಸಿ ಸ್ವಲ್ಪ ಸ್ವಲ್ಪ ಕೊಡಿ. ಮೂತ್ರದ ಬಣ್ಣ ಗಾಢ ಹಳದಿ ಆದರೆ ಸಾಲುತ್ತಿಲ್ಲ ಅಂತ ಅರ್ಥ. ಸಾಕಷ್ಟು ನೀರು, ಸೊಪ್ಪು, ಹಣ್ಣು ಹೋದರೆ ಮಲಬದ್ಧತೆಯೂ ಇಳಿಯುತ್ತದೆ, ಹಸಿವೂ ಬರುತ್ತದೆ.

ಕೊನೆಗೆ ಕೇಳಿದ್ದು ಮುಂದಿನ ಸಾಲಿನ ತಾಯಿ. ಗಂಡನಿಗೆ ಮೂರು ತಿಂಗಳಿಂದ ಪುಡಿ ಕೊಡುತ್ತಿದ್ದಾರೆ. "ಇನ್ನ ಎಷ್ಟು ದಿನ ಕೊಡ್ಬೇಕವ್ವ? ಬಿಟ್ರ ಏನರ ಆಗ್ತದೇನು?"

ಅವ್ವಾ, ತೂಕ ಮೊದಲಿನ ಹತ್ತಿರಕ್ಕೆ ಬಂದಿದ್ದರೆ, ಮೂರು ಹೊತ್ತು ತಟ್ಟೆ ಖಾಲಿ ಮಾಡುತ್ತಿದ್ದರೆ, ನಿಲ್ಲಿಸಬಹುದು. ಮೊದಲು ಎರಡು ಹೊತ್ತಿನದನ್ನು ಒಂದು ಹೊತ್ತಿಗೆ ಇಳಿಸಿ. ಹದಿನೈದು ದಿನ ಬಿಟ್ಟು ತೂಕ ನೋಡಿ. ಇಳಿಯದಿದ್ದರೆ ಪೂರ್ತಿ ನಿಲ್ಲಿಸಿ, ಆ ಜಾಗಕ್ಕೆ ಒಂದು ಲೋಟ ಹಾಲು, ಸ್ವಲ್ಪ ಶೇಂಗಾ ಹಿಂಡಿ ಸೇರಿಸಿ. ಇಳಿದರೆ ಮತ್ತೆ ಶುರು ಮಾಡಿ, ಕಾರಣ ಹುಡುಕೋಣ. ಮುಂದಿನ ಸಲ ದವಾಖಾನೆಗೆ ಬರುವಾಗ ಆ ಡಬ್ಬಿಯನ್ನೂ ಎಲ್ಲಾ ಗುಳಿಗೆಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಬನ್ನಿ, ಕೂತು ಒಂದೊಂದೇ ನೋಡೋಣ.